ಊರು ಕರಗಿದರೆ ರಸ್ತೆ ಯಾರದು?

ಹೋದ ತಿಂಗಳು ಸಂಘದ ಸಭೆ ಮುಗಿದು ಚಹ ಕುಡಿಯುವಾಗ ಕ್ಯಾಂಪಿನ ಕಡೆಯ ಮಿತ್ರರೊಬ್ಬರು ಹೇಳಿದರು: "ಈ ಕಂಟೋನ್ಮೆಂಟ್ ಬೋರ್ಡು ತೊಲಗಿ ಮಹಾನಗರಪಾಲಿಕೆ ಬರಲಿ ನೋಡಿ, ನಮ್ಮ ರಸ್ತೆ ತಾನಾಗಿಯೇ ನೆಟ್ಟಗಾಗುತ್ತದೆ." ಸುತ್ತಲಿದ್ದವರೆಲ್ಲ ತಲೆದೂಗಿದರು. ನಾನು ತಲೆದೂಗಲಿಲ್ಲ. ಏಕೆಂದು ಹೇಳುವಷ್ಟರಲ್ಲಿ ಚಹ ಮುಗಿಯಿತು, ಇಲ್ಲಿ ಹೇಳುತ್ತೇನೆ.

ಅವರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಮಹಾನಗರಪಾಲಿಕೆಗಳಿಗೆ ರಾಜ್ಯ ಸರಕಾರ ನಷ್ಟ ತುಂಬಿಕೊಟ್ಟಿತು; ಕಂಟೋನ್ಮೆಂಟ್ ಬೋರ್ಡುಗಳು ಮಾತ್ರ ಬರಿಗೈಯಲ್ಲಿ ನಿಂತವು. ಹಣವಿಲ್ಲದವರು ಡಾಂಬರು ಎಲ್ಲಿಂದ ತರಬೇಕು? 2023ರಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟ್ ರದ್ದಾದ ಮೇಲಂತೂ ಪುಣೆ, ಖಡಕಿಗಳಲ್ಲಿ ಮಾತ್ರವಲ್ಲ, ನಮ್ಮ ಬೆಳಗಾವಿಯಲ್ಲೂ ವಿಲೀನದ ಮಾತೇ ಮಾತು.

ಆದರೆ ಈಗಾಗಲೇ ವಿಲೀನವಾದವರ ಪಾಡು ಏನಾಯಿತು? 2017ರಲ್ಲಿ 11, 2021ರ ಜೂನ್‌ನಲ್ಲಿ 23 ಹಳ್ಳಿಗಳನ್ನು ಪುಣೆ ನುಂಗಿತು. ಕ್ಷೇತ್ರ ಸುಮಾರು 516 ಚದರ ಕಿಲೋಮೀಟರಿಗೆ ಏರಿ ಮುಂಬಯಿಯನ್ನೂ ಮೀರಿತೆಂದು ಹೆಮ್ಮೆಪಟ್ಟದ್ದಾಯಿತು. ವಾಘೋಲಿ, ಮಾಂಜರಿ, ನರ್ಹೆ ಹೆಸರಿಗೆ ಹಳ್ಳಿಗಳು, ಜನಸಂದಣಿಯಲ್ಲಿ ಪಟ್ಟಣಗಳೇ. ಅಲ್ಲಿ ಸರಪಂಚ ಎಂಬವನೊಬ್ಬನಿದ್ದ. ಕೆಲಸ ಮಾಡದಿದ್ದರೂ ಬೈಯಲಿಕ್ಕಾದರೂ ಸಿಗುತ್ತಿದ್ದ. ವಿಲೀನದೊಂದಿಗೆ ಅವನ ಕುರ್ಚಿ ಹೋಯಿತು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿಯೂ ಮುಗಿದು ಆಡಳಿತಾಧಿಕಾರಿ ಬಂದರು. 2023 ಹೋಯಿತು, 2024 ಹೋಯಿತು, ಚುನಾವಣೆ ಇಲ್ಲ. ಸರಪಂಚನಿಲ್ಲ, ನಗರಸೇವಕನೂ ಇಲ್ಲ. ತೆರಿಗೆಯ ಬಿಲ್ಲು ಮಾತ್ರ ದಾರಿ ತಪ್ಪದೆ ಮನೆಗೆ ಬರುತ್ತಿತ್ತು. ಫುರಸುಂಗಿ, ಉರುಳಿ ದೇವಾಚಿಯವರಂತೂ ಬೇಸತ್ತು ಹೊರಬಂದರು. 2024ರಲ್ಲಿ ಅವರಿಗೆ ಬೇರೆ ನಗರ ಪರಿಷತ್ತಾಯಿತು. ಏಳು ವರ್ಷದಲ್ಲಿ ಒಂದೇ ರಸ್ತೆಗೆ ಮೂವರು ಯಜಮಾನರು!

ಇದು ಮಹಾರಾಷ್ಟ್ರದ ಹಣೆಬರಹವೆಂದು ನಗುವವರು ನಮ್ಮ ಬೆಂಗಳೂರನ್ನೂ ನೋಡಲಿ. 2007ರಲ್ಲಿ ಯಲಹಂಕ, ಬೊಮ್ಮನಹಳ್ಳಿ ಮೊದಲಾದ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಒಟ್ಟುಗೂಡಿ ಬೃಹತ್ ಪಾಲಿಕೆಯಾಯಿತು. ಚುನಾವಣೆ ನಡೆದದ್ದು 2010ರಲ್ಲಿ. ಆ ಹಳ್ಳಿಗಳಿಗೆಂದು ಹಾಕಿಕೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ನೀರಿನ ಕೊಳವೆಗೆಂದು ಒಮ್ಮೆ, ಒಳಚರಂಡಿಗೆಂದು ಇನ್ನೊಮ್ಮೆ ಅಗೆಸಿಕೊಂಡ ರಸ್ತೆಗಳ ಕಥೆಯನ್ನು ಅಲ್ಲಿನ ನಿಮ್ಮ ಬೀಗರನ್ನೇ ಕೇಳಿ. 2025ರಲ್ಲಿ ಅದೇ ಪಾಲಿಕೆಯನ್ನು ಐದು ಮಾಡಿದರು.

ಸಣ್ಣದೆಲ್ಲ ಚೆನ್ನ ಎನ್ನುವವನು ನಾನಲ್ಲ. ನನ್ನ ತಕರಾರು ಕೈಬದಲಾವಣೆಯ ರೀತಿಯ ಬಗ್ಗೆ. ರಸ್ತೆ ಕಾಗದದ ಮೇಲೆ ಒಂದು ದಿನದಲ್ಲಿ ದೊಡ್ಡ ಪಾಲಿಕೆಯದಾಗುತ್ತದೆ. ಆದರೆ ಅದರ ಅಗಲ ಎಷ್ಟು, ಕಳೆದ ಸಲ ಡಾಂಬರು ಬಿದ್ದದ್ದು ಯಾವಾಗ, ಹೊಂಡ ಬಿದ್ದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಮುಚ್ಚಬೇಕಾದ ಅವಧಿ ಮುಗಿದಿದೆಯೆ, ಇವೆಲ್ಲ ಹಳೆಯ ಕಚೇರಿಯ ಕಡತದಲ್ಲಿರುತ್ತವೆ, ಇಲ್ಲವೆ ಹಳೆಯ ಓವರ್‌ಸೀಯರನ ತಲೆಯಲ್ಲಿ. ಕಡತ ಕಪಾಟು ಸೇರಿ, ಓವರ್‌ಸೀಯರ ಬೇರೆಡೆಗೆ ವರ್ಗವಾದರೆ ಗುತ್ತಿಗೆದಾರನಿಗೆ ಹಬ್ಬ. (ಆ ಡಾಂಬರು ಸುರಿಯುವ ಕೈಗಳು ಎಷ್ಟೋ ಕಡೆ ನಮ್ಮ ಕಲಬುರ್ಗಿ, ವಿಜಾಪುರದವರವೇ, ಅವರನ್ನು ಬೈದು ಪ್ರಯೋಜನವಿಲ್ಲ.)

ಆದ್ದರಿಂದ ಬೋರ್ಡು ಕರಗುವ ಮೊದಲೇ ರಸ್ತೆಗಳ ಪಟ್ಟಿ ಗೋಡೆಯ ಮೇಲೆ ಅಂಟಲಿ. ಹಳೆಯ ಕಚೇರಿಯಲ್ಲೇ ಒಬ್ಬ ಇಂಜಿನಿಯರು ಕೂಡಲಿ. ಅಲ್ಲಿ ಎತ್ತಿದ ತೆರಿಗೆಯಲ್ಲಿ ಒಂದು ಪಾಲು ಕೆಲ ವರ್ಷ ಅಲ್ಲಿನ ರಸ್ತೆಗೇ ಸಲ್ಲಲಿ. ಪಾಲಿಕೆಯ ಗಡಿ ಹಿಗ್ಗಿಸುವಾಗ ಸರಕಾರ ಜನರ ಆಕ್ಷೇಪಣೆ, ಸಲಹೆಗಳನ್ನು ಕರೆಯುತ್ತದೆ. ನಮ್ಮವರು ಬರೆಯುವುದಿಲ್ಲ. ಮರಾಠಿಯಲ್ಲಿ ಬರೆಯಬೇಕಲ್ಲ ಎಂಬ ಸಂಕೋಚ ಒಂದು, ನಾವು ಹೊರಗಿನವರು ಎಂಬ ಸೋಮಾರಿತನ ಇನ್ನೊಂದು. ಮೂವತ್ತು ವರ್ಷ ತೆರಿಗೆ ಕಟ್ಟಿದವರು ಹೊರಗಿನವರು ಹೇಗಾಗುತ್ತಾರೆ, ಸ್ವಾಮಿ? ಮಕ್ಕಳಿಗೆ ಮರಾಠಿ ಬರುತ್ತದೆ. ಅವರನ್ನು ಕೂಡಿಸಿಕೊಂಡು ಬರೆಸಿ. ಮನೆಯ ಮುಂದಿನ ರಸ್ತೆಯ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿಸಿ.