ಒಂದು ನಿಮಿಷದ ಋಣ

ಜನವಸತಿಯ ಬೀದಿಗಳಲ್ಲಿ ವೇಗಮಿತಿಯನ್ನು ತಗ್ಗಿಸಬೇಕೆಂದೊಡನೆ ಕೇಳಿಬರುವ ಮೊದಲ ಆಕ್ಷೇಪ, ಸಮಯ ವ್ಯರ್ಥವೆಂಬುದು. ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ದಾರಿಯನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ನಿಮಿಷದಲ್ಲಿಯೂ, 30ರಲ್ಲಿ ಎರಡು ನಿಮಿಷದಲ್ಲಿಯೂ ಕ್ರಮಿಸುತ್ತೇವೆ. ಧಾವಂತದಿಂದ ಉಳಿಯುವುದು ಒಂದೇ ನಿಮಿಷ; ಅಪ್ಪಳಿಸುವ ಶಕ್ತಿ ಮಾತ್ರ ನಾಲ್ಕು ಪಟ್ಟು. ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ 30 ಕಿ.ಮೀ. ಮಿತಿಯಿರಲೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸಾರಿತು. ಮಿತಿ ವಿಧಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮು ರಾಜ್ಯ ಸರಕಾರಕ್ಕಿತ್ತಿದೆ.

ಕೃಷ್ಣಾತೀರದ ನಮ್ಮ ಹಿಪ್ಪರಗಿಯಂತಹ ಕಬ್ಬಿನ ಸೀಮೆಯಲ್ಲಿ, ನುರಿಸುವ ಹಂಗಾಮು ಬಂತೆಂದರೆ ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರಿಗೂ, ಅದನ್ನು ಹಿಂದಿಕ್ಕಲು ಹವಣಿಸುವ ಬೈಕಿಗೂ, ಶಾಲೆಗೆ ನಡೆಯುವ ಮಕ್ಕಳಿಗೂ ದಾರಿ ಒಂದೇ. ವೇಗದ ಪರ ವಾದಿಸಬಲ್ಲವರು ವಾಹನವುಳ್ಳ ನಾವು. ಬೀದಿ ದಾಟುವ ಮಗುವಿಗೆ ಈ ಚರ್ಚೆಯಲ್ಲಿ ದನಿಯಿಲ್ಲ. ಆ ಒಂದು ನಿಮಿಷವನ್ನು ಅದಕ್ಕೆ ಸಲ್ಲಿಸುವುದು ದಾನವಲ್ಲ, ಋಣ.