ನಕ್ಷೆ ಬರೆಯುವವರು ಯಾರ ಪಕ್ಷ?

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ 2025ರಲ್ಲಿ ಒಂದು ಹೊಸ ಸ್ಥಾವರ ಕೆಲಸ ಆರಂಭಿಸಿತು. ವಿದ್ಯುತ್ತಿನಿಂದ ನೀರನ್ನು ಒಡೆದು, ಅದರಿಂದ ಬಂದ ಜಲಜನಕವನ್ನು ಪಕ್ಕದ ಉಕ್ಕಿನ ಕಾರ್ಖಾನೆಗೆ ಕೊಡುವುದು ಅದರ ಕೆಲಸ. ವರ್ಷಕ್ಕೆ 3,800 ಟನ್ ಅದರ ಶಕ್ತಿ. ದೇಶದಲ್ಲಿಯೇ ದೊಡ್ಡದೆಂದು ಡಂಗುರ ಸಾರಿದ್ದಾರೆ. ಇದನ್ನು ನಾವು ಹಳಿಯುವುದಿಲ್ಲ. ಆದರೆ ಡಂಗುರದ ಸದ್ದಿನಲ್ಲಿ ಕೇಳಬೇಕಾದ ಪ್ರಶ್ನೆ ಮುಳುಗಿಹೋಗಬಾರದು.

ಮೊದಲು ವಿಷಯವನ್ನು ತಿಳಿಯೋಣ. ಅದುರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಊದುಕುಲುಮೆಯಲ್ಲಿ ಕಲ್ಲಿದ್ದಲಿನ ಕೋಕು ಆ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಜಲಜನಕವೂ ಅದೇ ಕೆಲಸ ಮಾಡಬಲ್ಲುದು. ಆಗ ಹೊರಬರುವುದು ನೀರಿನ ಆವಿ. ಇನ್ನೊಂದು ದಾರಿ, ಚಿಮಣಿಯ ಹೊಗೆಯಿಂದ ಇಂಗಾಲಾಮ್ಲವನ್ನು ಹಿಡಿದು ನೆಲದಾಳದಲ್ಲಿ ಹೂಳುವುದು. ನಾರ್ವೆಯ ಬ್ರೆವಿಕ್ ಎಂಬಲ್ಲಿನ ಸಿಮೆಂಟು ಕಾರ್ಖಾನೆಯಲ್ಲಿ 2025ರಿಂದ ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಏರ್ಪಾಡಾಗಿದೆ. ಅದು ಆ ಕಾರ್ಖಾನೆಯ ಹೊಗೆಯಲ್ಲಿ ಅರ್ಧದಷ್ಟು. ಖರ್ಚಿನ ಬಹುಭಾಗವನ್ನು ಹೊತ್ತದ್ದು ಆ ದೇಶದ ಸರ್ಕಾರ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಜಲಜನಕ ಬೇಕು. ತೋರಣಗಲ್ಲಿನ 3,800 ಟನ್ನಿನಿಂದ ಆಗುವುದು ಸುಮಾರು 69,000 ಟನ್ ಕಬ್ಬಿಣ. ಅಲ್ಲಿನ ಕಾರ್ಖಾನೆಯ ಸಾಮರ್ಥ್ಯವೋ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಗಿಲು. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ಒಂದು ಕಿಲೋ ಜಲಜನಕಕ್ಕೆ ಐವತ್ತು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು, ಕಡಿಮೆಯೆಂದರೂ ಒಂಬತ್ತು ಲೀಟರ್ ನೀರು ಬೇಕು. ದಾರಿ ಸರಿಯಾದದ್ದೇ, ಆದರೆ ಬಹಳ ಉದ್ದವಾದದ್ದು. ಆ ದಾರಿಯಲ್ಲಿ ಯಾವ ಕುಲುಮೆ ಎಂದು ಆರಬೇಕು, ಯಾವ ವಿಭಾಗ ಮುಚ್ಚಬೇಕು, ಯಾರ ಹೊಲದ ಮೇಲೆ ಕೊಳವೆ ಹೋಗಬೇಕು ಎಂಬುದನ್ನೆಲ್ಲ ಬರೆಯುವವರು ಸಲಹಾ ಎಂಜಿನಿಯರರು.

ಅವರು ಸುಳ್ಳು ಲೆಕ್ಕ ಬರೆಯುತ್ತಾರೆಂದು ನಾವು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಅವರು ಉತ್ತರ ಬರೆಯುತ್ತಾರೆ. ಪ್ರಶ್ನೆ ಕೇಳುವವನು ಹಣ ಕೊಡುವವನು. ಪ್ರಶ್ನೆಯಲ್ಲಿ ಇಲ್ಲದ್ದು ಉತ್ತರದಲ್ಲಿ ಬಾರದು. ಶಾಲೆಯಲ್ಲಿ ಪಾಠ ಹೇಳಿದ ನಮಗೆ ಇದು ಚೆನ್ನಾಗಿ ಗೊತ್ತು. ಟನ್ನಿಗೆ ಎಷ್ಟು ರೂಪಾಯಿ ಎಂದು ಕೇಳಿದರೆ ರೂಪಾಯಿಯ ಲೆಕ್ಕ ಬರುತ್ತದೆ. ಎಷ್ಟು ಮನೆಗಳ ಒಲೆ ಆರುತ್ತದೆ ಎಂದು ಯಾರೂ ಕೇಳದಿದ್ದರೆ ಆ ಲೆಕ್ಕ ಬರುವುದೇ ಇಲ್ಲ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ನೆರೆಯ ವೇಲ್ಸಿನಲ್ಲಿ ಪೋರ್ಟ್ ಟಾಲ್ಬಟ್ ಎಂಬ ಊರಿದೆ. ಅಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಟಾಟಾ ಕಂಪನಿಯದು. ಹೊಗೆ ಕಡಿಮೆ ಮಾಡಲೆಂದು ಊದುಕುಲುಮೆಗಳನ್ನು ಮುಚ್ಚಿ, ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಹಾಕಲು ನಿರ್ಧಾರವಾಯಿತು. 125 ಕೋಟಿ ಪೌಂಡಿನ ಯೋಜನೆಗೆ ಬ್ರಿಟಿಷ್ ಸರ್ಕಾರ 50 ಕೋಟಿ ಪೌಂಡ್ ಕೊಡಲು ಒಪ್ಪಿತು. 2,800ರವರೆಗೆ ಕೆಲಸಗಳು ಹೋಗುತ್ತವೆಂದು 2024ರ ಜನವರಿಯಲ್ಲಿ ಕಂಪನಿ ಸಾರಿತು. ಅಲ್ಲಿನ ಕಾರ್ಮಿಕ ಸಂಘಗಳು ಕೈಕಟ್ಟಿ ಕುಳಿತಿರಲಿಲ್ಲ. ಸಿಂಡೆಕ್ಸ್ ಎಂಬ ಸಲಹಾ ಸಂಸ್ಥೆಯನ್ನು ತಾವೇ ಗೊತ್ತುಮಾಡಿಕೊಂಡು, ಒಂದು ಕುಲುಮೆಯನ್ನು 2032ರವರೆಗೆ ನಡೆಸುತ್ತ ಹಂತಹಂತವಾಗಿ ಬದಲಾಯಿಸುವ ಬೇರೊಂದು ಯೋಜನೆಯನ್ನು ಮುಂದಿಟ್ಟವು. ಖರ್ಚು ತಾಳಲಾರೆವೆಂದು ಕಂಪನಿ ಅದನ್ನು ತಳ್ಳಿಹಾಕಿತು. 2024ರ ಸೆಪ್ಟೆಂಬರ್ 30ರಂದು ಕೊನೆಯ ಊದುಕುಲುಮೆ ಆರಿತು. ಹೊಸ ಕುಲುಮೆಯ ಕಟ್ಟಡದ ಕೆಲಸ ಆರಂಭವಾದದ್ದು 2025ರಲ್ಲಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಆ ಸಂಘಗಳು ಸೋತವು, ನಿಜ. ಆದರೆ ಅವು ತೋರಿಸಿದ ದಾರಿ ದೊಡ್ಡದು. ನಕ್ಷೆ ಒಂದೇ ಅಲ್ಲ, ಇನ್ನೊಂದು ನಕ್ಷೆಯೂ ಸಾಧ್ಯವೆಂದು ಅವು ಲೋಕಕ್ಕೆ ಸಾರಿದವು.

ನಮ್ಮಲ್ಲಿಯೂ ಈ ಗಾಳಿ ಬೀಸುವುದಕ್ಕೆ ತಡವಿಲ್ಲ. ಹೊಗೆಯ ಲೆಕ್ಕದ ಮೇಲೆ ಹೊರದೇಶದ ಉಕ್ಕಿಗೆ ಸುಂಕ ಹಾಕುವ ಯೂರೋಪಿನ ಕಾನೂನು 2026ರ ಜನವರಿಯಿಂದ ಪೂರ್ಣ ಜಾರಿಗೆ ಬಂದಿದೆ. ಮಾಲೀಕರ ಅವಸರಕ್ಕೆ ಇದೂ ಒಂದು ಕಾರಣ. ಕೇಂದ್ರ ಸರ್ಕಾರ 2023ರಲ್ಲಿಯೇ ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿ ಎತ್ತಿಟ್ಟಿತು. ಅದು ಬೆಂಕಿಪೆಟ್ಟಿಗೆ ಕೊಳ್ಳುವಾಗಲೂ ತೆರಿಗೆ ಕೊಡುವ ಜನರ ಹಣ. ಹಣ ಎಲ್ಲರದು, ನಕ್ಷೆ ಮಾತ್ರ ಕಂಪನಿಯ ಬೀರುವಿನಲ್ಲಿ! ಇದು ಯಾವ ನ್ಯಾಯ?

ಭದ್ರಾವತಿಯನ್ನು ನಾವು ಮರೆತಿಲ್ಲ. 1923ರಲ್ಲಿ ಮಲೆನಾಡಿನ ಸೌದೆಯ ಇದ್ದಲಿನಿಂದ ಕಬ್ಬಿಣ ಇಳಿಸಿದ ಊರು ಅದು. ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ, ಗುತ್ತಿಗೆ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಇಂಥ ಊರಿಗೆ ಹೊಸ ವಿದ್ಯೆಯನ್ನು ಮೊದಲು ತರಬಾರದೇಕೆ? ನಕ್ಷೆ ಬರೆಯಲು ರಾಂಚಿಯ ಮೆಕಾನ್ ಎಂಬ ಸರ್ಕಾರಿ ಸಂಸ್ಥೆಯೇ ಇದೆಯಲ್ಲ!

ಆದ್ದರಿಂದ ನಾವು ಒತ್ತಾಯಿಸುವುದು ಇಷ್ಟು. ಸಾರ್ವಜನಿಕ ಹಣ ಪಡೆದ ಪ್ರತಿಯೊಂದು ಯೋಜನೆಯ ಎಂಜಿನಿಯರಿಂಗ್ ವರದಿಯನ್ನೂ ಕನ್ನಡದಲ್ಲಿ ಅಚ್ಚುಮಾಡಿ ಗ್ರಾಮ ಪಂಚಾಯಿತಿಯ ಮುಂದೆ, ಕಾರ್ಮಿಕ ಸಂಘದ ಮುಂದೆ ಇಡಬೇಕು. ತಮ್ಮದೇ ಎಂಜಿನಿಯರನನ್ನು ಗೊತ್ತುಮಾಡಿಕೊಳ್ಳಲು ಕಾರ್ಮಿಕರಿಗೆ ಅದೇ ಹಣದಿಂದ ಒಂದು ಪಾಲು ಸಿಗಬೇಕು. ಹೊಸ ಕುಲುಮೆ ಹೊತ್ತಿಕೊಳ್ಳುವವರೆಗೆ ಹಳೆಯದು ಆರಬಾರದು. ಗುತ್ತಿಗೆಯವರೂ ಸೇರಿ ಎಲ್ಲರಿಗೂ ಹೊಸ ಕೆಲಸದ ತರಬೇತಿ ಮೊದಲೇ ಆಗಬೇಕು. ನದಿಯ ನೀರಿನಲ್ಲಿ ರೈತನ ಪಾಲು ಎಷ್ಟು, ಕಾರ್ಖಾನೆಯ ಪಾಲು ಎಷ್ಟು ಎಂಬುದು ಬಹಿರಂಗವಾಗಬೇಕು.

ಹೊಗೆ ಕುಡಿದು ಕೆಮ್ಮಿದವರು ಕುಲುಮೆಯ ಪಕ್ಕದ ಜನ. ಹೊಗೆ ನಿಲ್ಲಲಿ ಎಂದು ಅವರಿಗಿಂತ ಹೆಚ್ಚು ಬಯಸುವವರು ಬೇರೆ ಯಾರಿದ್ದಾರೆ? ಹೊಗೆಯೊಡನೆ ಅವರ ಅನ್ನವೂ ನಿಲ್ಲದಂತೆ ನೋಡಿಕೊಳ್ಳುವ ನಕ್ಷೆಯೇ ನಮಗೆ ಬೇಕಾದ ನಕ್ಷೆ. ಅದನ್ನು ಕೇಳಿ ಪಡೆಯಲು ಕಾರ್ಮಿಕರೂ ರೈತರೂ ಇಂದೇ ಒಂದಾಗಬೇಕು. ಕುಲುಮೆ ಆರಿದ ಮೇಲೆ ಕೂಗಿ ಫಲವಿಲ್ಲ.