ಬೆಕ್ಕಿಗೂ ಅರ್ಜಿ ಯಾಕೆ ಅನ್ನೋರಿಗೆ

"ಬೆಕ್ಕಿಗೂ ಅರ್ಜಿ ಬರೀಬೇಕಂತ? ನಮ್ಮ ಹಿತ್ತಲದಾಗ ನಾಕ ಅದಾವು, ಬಂದ ಒಯ್ಯಿ," ಅಂದಳು ಅವ್ವ, ಬೇಡಕಿಹಾಳದಿಂದ ಫೋನಿನಲ್ಲಿ. ನಕ್ಕೆ. ಅದೇ ಮಾತನ್ನು ಬೆಂಗಳೂರಿನ ಆಫೀಸಿನ ಗೆಳೆಯರು ಹೇಳಿದಾಗ ನಗು ಬರಲಿಲ್ಲ. "ಬೀದಿ ಬೆಕ್ಕು ಕೊಡೋಕೆ ಇಷ್ಟು ದಿಮಾಕಾ? ಹೋಮ್ ಲೋನ್‌ಗೂ ಇಷ್ಟು ಪ್ರಶ್ನೆ ಕೇಳಲ್ಲ." ಬಾಲ್ಕನಿಗೆ ನೆಟ್ ಹಾಕಿಸಬೇಕು, ಸಂತಾನಹರಣದ ಆಪರೇಶನ್ ಮಾಡಿಸಬೇಕು, ಮನೆ ನೋಡಲು ಯಾರೋ ಬರುತ್ತಾರೆ ಅನ್ನೋದೇ ಅವರ ಸಿಟ್ಟು. ಕೊನೆಯ ಅಸ್ತ್ರ ಯಾವಾಗಲೂ ಒಂದೇ: "ಹಳ್ಳಿಯಲ್ಲಿ ಬೆಕ್ಕು ಎಷ್ಟು ಆರಾಮಾಗಿ ಓಡಾಡ್ಕೊಂಡಿರುತ್ತೆ. ನೀನೇ ಹೇಳು, ಹಳ್ಳಿಯವನಲ್ವಾ?"

ಹೇಳ್ತೀನಿ.

ನಮ್ಮ ಮನೆಯಲ್ಲಿ ಜೋಳದ ಚೀಲಗಳಿದ್ದವು. ಚೀಲಕ್ಕೆ ಇಲಿ, ಇಲಿಗೆ ಬೆಕ್ಕು. ಅದಕ್ಕೆ ಹೆಸರಿರಲಿಲ್ಲ. ವರ್ಷಕ್ಕೆರಡು ಸಲ ಅಟ್ಟದ ಮೇಲೆ ಮರಿ ಹಾಕುತ್ತಿತ್ತು. ಕೆಲವನ್ನು ಗಂಡುಬೆಕ್ಕು ಕೊಲ್ಲುತ್ತಿತ್ತು, ಕೆಲವು ನಾಯಿ ಬಾಯಿಗೆ, ಒಂದೆರಡು ಕಬ್ಬಿನ ಟ್ರ್ಯಾಕ್ಟರಿನಡಿಗೆ. ಉಳಿದವು ಹೆಚ್ಚಾದವು ಅನ್ನಿಸಿದರೆ ಚೀಲ. ಏಳನೇ ಕ್ಲಾಸಿನಲ್ಲಿದ್ದಾಗ ಮೂರು ಮರಿಗಳನ್ನು ಗೊಬ್ಬರದ ಚೀಲದಲ್ಲಿ ಹಾಕ್ಕೊಂಡು, ಕಾಕಾನ ಸೈಕಲ್ ಹಿಂದೆ ಕೂತು, ದೂಧಗಂಗಾ ದಂಡೆಯಲ್ಲಿ ಬಿಟ್ಟು ಬಂದವನು ನಾನೇ. "ನೀರ ಐತಿ, ಮೀನ ಅದಾವು, ಬದುಕತಾವ ತಗೋ," ಅಂದ ಕಾಕಾ. ಅವು ಕಣ್ಣು ಬಿಟ್ಟು ವಾರವಾಗಿತ್ತಷ್ಟೇ. ಮೀನು ಹಿಡೀತಾವೆ ಅಂತ ನಂಬಿದೆ. ನಂಬೋದು ಸುಲಭವಿತ್ತು. ತಾಯಿ ಬೆಕ್ಕು ಮೂರು ದಿನ ಅಟ್ಟದಲ್ಲಿ ಕೂಗಿತು. ಆಯಿ ಅದಕ್ಕೊಂದು ಬಟ್ಟಲು ಹಾಲು ಹೆಚ್ಚು ಇಟ್ಟಳು.

ನೀವು ಹೇಳೋ ಆರಾಮಿನ ಲೆಕ್ಕ ಇದು.

ಹೆಣ್ಣು ಬೆಕ್ಕು ಐದು ತಿಂಗಳಿಗೇ ಗಬ್ಬವಾಗಬಹುದು. ಅಲ್ಲಿಂದ ಸುಮಾರು ಒಂಬತ್ತು ವಾರಕ್ಕೆ ಮರಿ. ನಿಮ್ಮ ಟೂ ಬಿಎಚ್‌ಕೆಯಲ್ಲಿ ಅಟ್ಟವಿಲ್ಲ, ಪಕ್ಕದಲ್ಲಿ ದೂಧಗಂಗೆಯೂ ಇಲ್ಲ. ಆ ಮರಿಗಳು ರಟ್ಟಿನ ಡಬ್ಬದಲ್ಲಿ ರಾತ್ರೋರಾತ್ರಿ ಯಾವುದೋ ಸಂಸ್ಥೆಯ ಗೇಟಿನ ಮುಂದೆ ಬೀಳುತ್ತವೆ. 1991ರಲ್ಲಿ ಶುರುವಾದ ಕ್ಯೂಪಾದಂಥವರು ಇಷ್ಟು ವರ್ಷವಾದರೂ ಪ್ರಾಣಿಗಳಿಗೆ ಮನೆ ಹುಡುಕುತ್ತಲೇ ಇದ್ದಾರೆ. ಕೇಳೋ ಹಕ್ಕು ಅವರಿಗಿಲ್ಲದೆ ಇನ್ಯಾರಿಗಿದೆ?

ಇನ್ನು ನೆಟ್. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತೆ ಅಂತೀರಲ್ಲ? ನ್ಯೂಯಾರ್ಕಿನ ಒಂದೇ ಆಸ್ಪತ್ರೆಗೆ ಐದು ತಿಂಗಳಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳು ಬಂದಿದ್ದವು ಅಂತ 1987ರ ಅಧ್ಯಯನವೊಂದು ಹೇಳುತ್ತದೆ. ಹೆಚ್ಚಿನವು ಬದುಕಿದವು ನಿಜ. ಎದೆಗೆ ಪೆಟ್ಟು, ದವಡೆ ಒಡೆತ, ಕಾಲು ಮುರಿತ, ಇದನ್ನೆಲ್ಲ ಅನುಭವಿಸಿ ಬದುಕಿದವು.

ಸಂಸ್ಥೆಯವರು ಹೇಳಿದ್ದಕ್ಕೆಲ್ಲ ಹೂಂ ಅನ್ನೋನಲ್ಲ ನಾನು. ನಾನು ಮೊದಲು ಕೇಳಿದ ಕಡೆ "ಮದುವೆಯಾಗಿಲ್ವಾ? ಹಾಗಾದ್ರೆ ಆಗಲ್ಲ" ಅಂದುಬಿಟ್ಟರು. ಅದು ಶುದ್ಧ ಅಸಂಬದ್ಧ. ಬಾಡಿಗೆ ಮನೆ ಸಿಗದಿದ್ದಕ್ಕೂ ಇದೇ ಕಾರಣ ಕೇಳಿದ್ದೆ! ಮದುವೆಯಾದವರ ಮನೆಯಲ್ಲೂ ಮಗು ಹುಟ್ಟಿದೊಡನೆ ಬೆಕ್ಕು ಹೊರಗೆ ಹೋಗಿದ್ದನ್ನು ಕಂಡಿದ್ದೇನೆ.

ಎರಡನೇ ಕಡೆಯಿಂದ ಬಂದ ಹೆಣ್ಣುಮಗಳು ನೆಟ್ ಎಳೆದು ನೋಡಿದಳು. ಆಮೇಲೆ, "ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡ್ಕೋತಾರೆ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವತ್ತು ಬೆಕ್ಕು ಕೊಡಲಿಲ್ಲ. ಎದುರು ಮನೆಯ ಆಂಟಿಯನ್ನು ಒಪ್ಪಿಸಲು ಹತ್ತು ದಿನ ಬೇಕಾಯಿತು.

ಈಗ ಅವಳು ಲ್ಯಾಪ್‌ಟಾಪ್ ಮೇಲೆ ಮಲಗಿದ್ದಾಳೆ. ಹೆಸರು ಜ್ವಾಳಿ. ಮೊನ್ನೆ ಅವ್ವ ಫೋನ್ ಮಾಡಿ, ಅವಳ ಆಪರೇಶನ್‌ಗೆ ಎಷ್ಟಾಯಿತು ಅಂತ ಕೇಳಿದಳು. ಹೇಳಿದೆ. "ನಾಕಕ್ಕೂ ಅಷ್ಟಷ್ಟ ಕೊಡಬೇಕನ?" ಅಂದಳು. ಚಿಕ್ಕೋಡಿ ಕಡೆ ಯಾರು ಮಾಡ್ತಾರೆ ಅಂತ ವಿಚಾರಿಸ್ತಿದ್ದೀನಿ.